ಸಾಕ್ಷರತಾ ಆಂದೋಲನ ಮತ್ತು ನಮ್ಮ ಶಾಲೆಯ ಹುಡುಗ-ಹುಡುಗಿಯರು

ಈ ಸಂಚಿಕೆಗೆ ಲೇಖನ ಬರೆಯಬೇಕೆಂದಾಗ ಮುಖ್ಯಾಧ್ಯಾಪಕರ ಅನುಮತಿ ಪಡೆದು ಶಾಲೆಯ ಹಳೆಯ ದಾಖಲೆಗಳನ್ನು ಎರಡು ದಿನ ತಿರುವಿ ಹಾಕಿದೆ. ಕೋಣೆ ಕಟ್ಟಿಸಿದ್ದು, ಎಸ್.ಎಸ್.ಎಲ್.ಸಿ. ಫಲಿತಾಂಶ, ನಮ್ಮ ಖೋ-ಖೋ ತಂಡ ತಾಲ್ಲೂಕಿಗೆ ಮೊದಲು ಬಂದದ್ದು ಎಲ್ಲವೂ ಅಲ್ಲಿವೆ. ತೊಂಬತ್ತರ ದಶಕದ ಆರಂಭದಲ್ಲಿ ಇದೇ ಶಾಲೆಯಲ್ಲಿ ಕಲಿತು ಹೊರಬಿದ್ದ ಹುಡುಗ-ಹುಡುಗಿಯರು ಓಣಿ ಓಣಿಯಲ್ಲಿ ರಾತ್ರಿ ಶಾಲೆ ನಡೆಸಿದ ಸಂಗತಿ ಮಾತ್ರ ಒಂದು ಸಾಲಿನಲ್ಲೂ ಇಲ್ಲ. ಅದು ಶಾಲೆಯ ಕೆಲಸವಾಗಿರಲಿಲ್ಲ, ಒಪ್ಪೋಣ. ಮಾಡಿದವರು ಮಾತ್ರ ಈ ಶಾಲೆಯವರೇ. ನಾನೂ ಅವರಲ್ಲೊಬ್ಬ.

ವಯಸ್ಕರ ಶಿಕ್ಷಣ ಆಗ ಹೊಸದೇನಲ್ಲ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಗಿತ್ತು. ಅದರಲ್ಲಿ ಕಲಿಸುವವರಿಗೆ ಅಲ್ಪಸ್ವಲ್ಪ ಗೌರವಧನವಿತ್ತು. 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಮರುವರ್ಷ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಜಿಲ್ಲಾಡಳಿತವೂ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತೂ ಸೇರಿ ಸಂಬಳವಿಲ್ಲದ ಸಾವಿರಾರು ಸ್ವಯಂಸೇವಕರನ್ನು ಮನೆಮನೆಗೆ ಕಳಿಸಿದವು. 1990ರ ಫೆಬ್ರವರಿ 4ರಂದು ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಣೆಯಾಯಿತು. ಆ ಮಾದರಿಯೇ ಬೇರೆ ರಾಜ್ಯಗಳಿಗೂ ಹಬ್ಬಿ ನಮ್ಮ ಜಿಲ್ಲೆಗೂ ಬಂತು.

ನಮ್ಮೂರಿಗೆ ಅದು ಬಂದದ್ದು ಆದೇಶವಾಗಿ ಅಲ್ಲ, ಕಲಾಜಾಥಾ ಆಗಿ. ಹಲಗೆ ಬಾರಿಸುತ್ತ ಬಂದ ತಂಡದವರು ಹನುಮಪ್ಪನ ಗುಡಿಯ ಮುಂದೆ ಹಾಡಿದರು, ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವನ ನಾಟಕ ಆಡಿದರು. ಕೊನೆಗೆ ಓದಿದ ಹುಡುಗರು ಕೈ ಎತ್ತಿರಿ ಎಂದರು. ಮ್ಯಾಟ್ರಿಕ್ ಪಾಸಾಗಿ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂಡುತ್ತಿದ್ದವರು ನಾವು. ಕೈ ಎತ್ತಿದೆವು. ಸಮಾಜಸೇವೆಯ ಹಂಬಲ ಎಂದು ಹೇಳಿಕೊಳ್ಳಲು ಈಗ ಚಂದ. ಊರು ನಮಗೆ ಮೊದಲ ಸಲ ಒಂದು ಕೆಲಸ ಕೊಟ್ಟಿತ್ತು ಎಂಬುದೇ ನಿಜ. ಸುಮಾರು ಹತ್ತು ಜನ ಕಲಿಯುವವರಿಗೆ ಒಬ್ಬ ಸ್ವಯಂಸೇವಕ, ಅದೂ ತನ್ನದೇ ಓಣಿಯಲ್ಲಿ. ಸುಮಾರು ಇನ್ನೂರು ತಾಸಿನ ಪಾಠ, ಮೂರು ಭಾಗದ ಪುಸ್ತಕ. ಇಷ್ಟು ಖಚಿತವಾಗಿ ಯಾರೂ ನಮಗೆ ಯಾವ ಜವಾಬ್ದಾರಿಯನ್ನೂ ವಹಿಸಿರಲಿಲ್ಲ.

ನನ್ನ ಪಾಲಿಗೆ ಬಂದವರು ಹನ್ನೊಂದು ಜನ ಹೆಣ್ಣುಮಕ್ಕಳು. ಗುರಿ 15ರಿಂದ 35 ವಯಸ್ಸಿನವರದು. ನನ್ನಲ್ಲಿಗೆ ಬಂದವರಲ್ಲಿ ಇಬ್ಬರಿಗೆ ಮೊಮ್ಮಕ್ಕಳಿದ್ದರು, ಬೇಡ ಎನ್ನಲಾಗಲಿಲ್ಲ. ರೊಟ್ಟಿ ಬಡಿದು, ಊಟ ಮುಗಿಸಿ, ರಾತ್ರಿ ಎಂಟೂವರೆಗೆ ನಮ್ಮ ಪಡಸಾಲೆಗೆ ಬರುತ್ತಿದ್ದರು. ಒಂದು ಕಂದೀಲು, ಹನ್ನೊಂದು ಪಾಟಿ. ದಿನವಿಡೀ ಕಳೆ ತೆಗೆದ ಕೈಗೆ ಬಳಪ ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ನಾನು ಅಲ್ಲಿ ನೋಡಿದೆ. ಬಳಪ ಪುಟಕ್ಕನೆ ಮುರಿಯುತ್ತಿತ್ತು. ಮೊದಲ ವಾರ ನಾನು ಕನ್ನಡ ಮಾಸ್ತರರ ಧಾಟಿಯಲ್ಲೇ ಗದರಿಸುತ್ತಿದ್ದೆ. ಎರಡನೆಯ ವಾರ ಇಬ್ಬರು ಬರಲಿಲ್ಲ. ಕರೆಯಲು ಹೋದರೆ ಒಬ್ಬಾಕೆ, "ತಮ್ಮಾ, ಬೈಸಿಕೊಳ್ಳಾಕ ಮನ್ಯಾಗ ಅತ್ತಿ ಅದಾಳ, ಅಲ್ಲೀತನಕಾ ಯಾಕ ಬರಲಿ?" ಎಂದಳು. ಶಿಕ್ಷಕ ತರಬೇತಿಯ ಯಾವ ಪುಸ್ತಕದಲ್ಲೂ ಇಷ್ಟು ಚಿಕ್ಕ ಪಾಠ ಸಿಕ್ಕಲಾರದು.

ಸಾಕ್ಷರರು ಎನಿಸಿಕೊಳ್ಳಲು ಮಿಷನ್ ಒಂದು ಅಳತೆ ಇಟ್ಟಿತ್ತು. ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದಬೇಕು, 7 ಪದ ನೋಡಿ ಬರೆಯಬೇಕು, ಹೇಳಿದ 5 ಪದ ಬರೆದುಕೊಳ್ಳಬೇಕು, 1ರಿಂದ 100ರವರೆಗೆ ಅಂಕಿ ಬರಬೇಕು. ನನ್ನ ಹನ್ನೊಂದು ಜನರಲ್ಲಿ ಆರು ಮಂದಿ ಅಂತಿಮ ಪರೀಕ್ಷೆಗೆ ಕುಳಿತರು, ನಾಲ್ವರು ದಾಟಿದರು. ಆ ನಾಲ್ವರಲ್ಲಿಲ್ಲದ ಒಬ್ಬಾಕೆ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅಂಕಿ ಓದಿದಳು. ಕೈಗೆ ಬಂದದ್ದು ಎಂಟುನೂರು, ಬರೆದದ್ದು ಒಂದು ಸಾವಿರ. ಕಾಗದ ತಿದ್ದುವ ತನಕ ಆಕೆ ಬಾಗಿಲಲ್ಲೇ ಕುಳಿತಳು. ಪರೀಕ್ಷೆಯ ಲೆಕ್ಕದಲ್ಲಿ ಆಕೆ ನಪಾಸು.

ಇಂಥದ್ದು ದೊಡ್ಡದಾಗಿ ಬೆಳೆದದ್ದೂ ಉಂಟು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾಕ್ಷರತಾ ಪುಸ್ತಕದ ಪಾಠದಿಂದಲೇ ಹುರುಪುಗೊಂಡು ಸಾರಾಯಿ ಅಂಗಡಿ ಮುಚ್ಚಿಸಿದರು. 1993ರ ಅಕ್ಟೋಬರ್‌ನಿಂದ ಆ ರಾಜ್ಯದಲ್ಲಿ ಸಾರಾಯಿಯೇ ನಿಷೇಧವಾಯಿತು. ನಮ್ಮಲ್ಲಿ ಅಷ್ಟೇನೂ ಆಗಲಿಲ್ಲ.

ಆಗದಿದ್ದುದಕ್ಕೆ ನಾವೂ ಕಾರಣ. ಪರೀಕ್ಷೆ ಮುಗಿಯಿತು, ಪ್ರಮಾಣಪತ್ರ ಹಂಚಿದರು, ಫೋಟೋ ತೆಗೆದರು. ಕಲಿತವರು ಮುಂದೆ ಓದಲು ಪುಸ್ತಕ, ಸಾಕ್ಷರೋತ್ತರ ಕಾರ್ಯಕ್ರಮ ಬರುತ್ತದೆ ಎಂದಿದ್ದರು, ನಮ್ಮೂರಿಗೆ ಬಹಳ ದಿನ ಬರಲಿಲ್ಲ. ಬರುವವರೆಗೆ ಹಳೆಯ ಪತ್ರಿಕೆಯನ್ನಾದರೂ ಹಿಡಿದು ಕೂರಬಹುದಿತ್ತು. ನಾನು ಟಿ.ಸಿ.ಎಚ್.ಗೆ ಸೀಟು ಸಿಕ್ಕಿತೆಂದು ಊರು ಬಿಟ್ಟೆ. ಗೆಳೆಯರಲ್ಲಿ ಕೆಲವರು ಗೋವಾಕ್ಕೆ ದುಡಿಯಲು ಹೋದರು, ಕಲಿಸುತ್ತಿದ್ದ ಹುಡುಗಿಯರಿಗೆ ಮದುವೆಯಾಯಿತು. ಮೂರು ವರ್ಷದ ಮೇಲೆ ಬಂದಾಗ ಪಾಸಾದ ನಾಲ್ವರಲ್ಲಿ ಇಬ್ಬರಿಗೆ ಒತ್ತಕ್ಷರ ಮರೆತುಹೋಗಿತ್ತು. ಒಬ್ಬಾಕೆ, "ಮುಂದಿನ ಪುಸ್ತಕ ತಂದಿಯೇನೋ?" ಎಂದು ಕೇಳಿದಳು. ನಾನು ಬರಿಗೈಲಿ ಬಂದಿದ್ದೆ.

ಯುವಕರನ್ನು ಸೇವೆಗೆ ಎಳೆಯುವುದು ಕಷ್ಟ ಎಂದು ಸಭೆಗಳಲ್ಲಿ ಕೇಳುತ್ತಲೇ ಇರುತ್ತೇನೆ. ನನ್ನ ಅನುಭವ ಬೇರೆ. ಹಲಗೆಯ ಸದ್ದಿಗೆ ನಾವು ಒಂದೇ ಸಂಜೆಯಲ್ಲಿ ಎದ್ದು ನಿಂತಿದ್ದೆವು. ಮರುವರ್ಷ ನಮ್ಮನ್ನು ಮತ್ತೆ ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

1991ರ ಜನಗಣತಿಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳ ಸಾಕ್ಷರತೆ ಶೇ. 44.34, 2001ರಲ್ಲಿ ಶೇ. 56.87. ಇದರಲ್ಲಿ ನಮ್ಮ ಕಂದೀಲಿನ ಪಾಲೆಷ್ಟು, ಶಾಲೆಗೆ ಹೋದ ಹೊಸ ತಲೆಮಾರಿನ ಹುಡುಗಿಯರ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ದೊಡ್ಡ ಪಾಲು ಆ ಹುಡುಗಿಯರದೇ ಇರಬೇಕು. ಆದರೆ ನನ್ನ ಪಡಸಾಲೆಗೆ ಬಂದ ಹನ್ನೊಂದು ಜನರ ಒಬ್ಬ ಮಗಳೂ ಏಳನೆಯ ತರಗತಿಗೆ ಶಾಲೆ ಬಿಡಲಿಲ್ಲ. ಅವರಲ್ಲಿ ಐವರ ಹೆಸರು ಈ ಪ್ರೌಢಶಾಲೆಯ ದಾಖಲಾತಿ ಪುಸ್ತಕದಲ್ಲಿ ನನಗೆ ಸಿಕ್ಕಿದೆ. ಪೋಷಕರ ಸಹಿಯ ಜಾಗದಲ್ಲಿ ಮೂರು ಕಡೆ ತಾಯಿಯ ಸಹಿ ಇದೆ, ಅಕ್ಷರ ಸೊಟ್ಟಗಿವೆ.

ಆ ವರ್ಷ ಕಲಿಸಿದವರು ನಮ್ಮೂರಲ್ಲಿ ಸುಮಾರು ಮೂವತ್ತು ಮಂದಿ ಇದ್ದೆವು. ಹದಿನೇಳು ಹೆಸರು ನನಗೆ ನೆನಪಿವೆ. ರಾತ್ರಿ ಶಾಲೆಯ ಹಾಜರಿ ಪುಸ್ತಕವೋ ಆ ದಿನದ ಫೋಟೋವೋ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ದಯವಿಟ್ಟು ಶಾಲೆಗೆ ತಂದುಕೊಡಿ.