ಆದಿವಾಲದ ಸೀಮೆಯಲ್ಲಿ ದುಡಿಮೆಯ ಲಯ

ಬೆಂಗಳೂರಿನಿಂದ ಪುಣೆಯತ್ತ ಸಾಗುವ ಹೆದ್ದಾರಿಯ ನೆರೆಯಲ್ಲಿ, ಹಿರಿಯೂರಿಗೆ ಸಮೀಪವಾಗಿ, ವೇದಾವತಿ ನದಿಯ ಸೀಮೆಗೆ ಸೇರಿದ ಆದಿವಾಲವೆಂಬ ಗ್ರಾಮವುಂಟು. ವರ್ಷಕ್ಕೆ 60 ಸೆಂಟಿಮೀಟರು ಮಳೆ ಬಿದ್ದರೆ ಅದನ್ನೇ ಭಾಗ್ಯವೆಂದು ಭಾವಿಸುವ ಈ ಬಯಲಿನಲ್ಲಿ ರಾಗಿ, ಜೋಳ, ಶೇಂಗಾಗಳನ್ನು ಬೆಳೆದು, ಕುರಿದನಗಳನ್ನು ಮೇಯಿಸಿ ಬಾಳಿದ ಜನರ ಪೂರ್ವವೃತ್ತಾಂತವನ್ನು ಅರಸುವವನು ಶಿಲಾಶಾಸನಗಳನ್ನೂ ಪಾಳೆಯಗಾರರ ವಂಶಾವಳಿಗಳನ್ನೂ ಓದಿ ಮುಗಿಸಿದ ಮೇಲೆಯೂ ಒಂದು ಮುಖ್ಯವಾದ ಅಧ್ಯಾಯವು ಉಳಿದೇ ಇರುತ್ತದೆ. ಅದು ಇಲ್ಲಿನವರ ದೇಹದ ಇತಿಹಾಸ: ಸೂರ್ಯೋದಯಕ್ಕೆ ಮೊದಲೇ ಆರಂಭವಾಗಿ ಬೆಳದಿಂಗಳಿನವರೆಗೆ ನಡೆಯುತ್ತಿದ್ದ ದುಡಿಮೆಯಲ್ಲಿ ಕೈಕಾಲುಗಳಿಗೆ ಬೇಕಾದ ಚಲನೆಯನ್ನೂ ಮನಸ್ಸಿಗೆ ಬೇಕಾದ ಉಲ್ಲಾಸವನ್ನೂ ಅವರು ಹೇಗೆ ಕೂಡಿಸಿಕೊಂಡಿದ್ದರು, ಆ ಕೂಟವು ಯಾವಾಗ, ಹೇಗೆ ಸಡಿಲವಾಯಿತು ಎಂಬ ವೃತ್ತಾಂತ. ವ್ಯಾಯಾಮವನ್ನು ದಿನಚರಿಯಲ್ಲಿ ಪ್ರತ್ಯೇಕವಾದ ಒಂದು ಕರ್ತವ್ಯವನ್ನಾಗಿ ಇರಿಸಿಕೊಂಡು, ಅದನ್ನೂ ಪಾಲಿಸಲಾರದೆ ಪರಿತಪಿಸುವ ಈ ಕಾಲದವರಿಗೆ ಆ ಅಧ್ಯಾಯವು ಅತ್ಯಂತ ಪ್ರಯೋಜನಕಾರಿಯೆಂದು ನಾನು ನಂಬಿದ್ದೇನೆ.

ಮೊದಲು ಬೀಸುವ ಕಲ್ಲಿನಿಂದಲೇ ಪ್ರಾರಂಭಿಸೋಣ. ಕೋಳಿ ಕೂಗುವ ಹೊತ್ತಿಗೆ ಎದ್ದ ಹೆಂಗಸು ಕಲ್ಲಿನ ಸುತ್ತ ಗುಡಿಸಿ, ಅದಕ್ಕೆ ಕೈಮುಗಿದು, ಮೊದಲ ಹಿಡಿ ರಾಗಿಯನ್ನು ಅದರ ಬಾಯಿಗೆ ಹಾಕಿ, ಗೂಟವನ್ನು ಹಿಡಿಯುತ್ತಿದ್ದಳು. ಕಲ್ಲು ದೊಡ್ಡದಾದರೆ ಎದುರುಬದುರಾಗಿ ಇಬ್ಬರು ಕುಳಿತುಕೊಳ್ಳುವುದು. ಒಬ್ಬಳು ನೂಕಿದಾಗ ಇನ್ನೊಬ್ಬಳು ಸೆಳೆಯುವುದು. ಬಲಗೈ ತಿರುಗಿಸುತ್ತಿದ್ದಂತೆ ಎಡಗೈ ಕಾಳನ್ನು ಹಾಕುವುದು. ಕಾಳು ಹೆಚ್ಚಾದರೆ ಹಿಟ್ಟು ತರಿಯಾಗುವುದು, ಕಡಿಮೆಯಾದರೆ ಕಲ್ಲಿಗೆ ಕಲ್ಲು ತಾಗಿ ಸವೆಯುವುದು. ಆದಕಾರಣ ಬೀಸುವವಳ ಕಿವಿಯು ಕಲ್ಲಿನ ಸದ್ದಿನಲ್ಲಿಯೇ ನೆಟ್ಟಿರಬೇಕಾಗಿತ್ತು. ಸೊಂಟದಿಂದ ಹೊರಟು ಬೆನ್ನು, ಹೆಗಲು, ತೋಳುಗಳ ಮೂಲಕ ಅಂಗೈಯನ್ನು ಸೇರುವ ಆ ವರ್ತುಲಗತಿಯು ತಡೆಯಿಲ್ಲದೆ ನಡೆಯಬೇಕಾದರೆ ಉಸಿರಿಗೂ ಒಂದು ಕ್ರಮ ಬೇಕು. ಆ ಕ್ರಮವನ್ನು ಕೊಡುತ್ತಿದ್ದುದು ಹಾಡು. ಒಬ್ಬಳು ಸೊಲ್ಲನ್ನು ಎತ್ತಿಕೊಟ್ಟು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬಳು ಅದನ್ನೇ ಹಾಡುವಳು. ಹೀಗೆ ಒಬ್ಬಳ ವಿಶ್ರಾಂತಿಯು ಮತ್ತೊಬ್ಬಳ ಸರದಿಯಾಗಿ, ಕಲ್ಲೂ ನಿಲ್ಲದೆ ಕೊರಳೂ ಬತ್ತದೆ ಮೊರದ ತುಂಬ ಹಿಟ್ಟು ಸೇರುತ್ತಿದ್ದಿತು.

ಆ ಹಾಡುಗಳ ಛಂದಸ್ಸು ಬಹುಮಟ್ಟಿಗೆ ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಎಂದರೆ ಸುಮಾರು ಕ್ರಿ.ಶ. 700ರಷ್ಟು ಹಿಂದೆಯೇ, ಬಂಡೆಯ ಮೇಲೆ ಕೆತ್ತಲ್ಪಟ್ಟ ಆ ಮೂರು ಸಾಲಿನ ಪದ್ಯವು ಪಂಡಿತರ ಓಲೆಗರಿಗಳಲ್ಲಿ ವಿರಳವಾದರೂ ಹಳ್ಳಿಯ ಹೆಂಗಸರ ಕಂಠದಲ್ಲಿ ಸಾವಿರಕ್ಕೂ ಮೀರಿದ ವರ್ಷ ಅಳಿಯದೆ ಉಳಿಯಿತು. ಹಲಸಂಗಿಯ ಗೆಳೆಯರೆಂಬ ಬಳಗದವರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದಾಗ ಕನ್ನಡದ ವಿದ್ವಜ್ಜನರು ಈ ಸಂಪತ್ತನ್ನು ಕಂಡು ಬೆರಗಾದರು. ಆದರೆ ಅಚ್ಚಿನ ಪುಟದ ಮೇಲೆ ಕುಳಿತ ತ್ರಿಪದಿಯಲ್ಲಿ ಅದರ ಅರ್ಧಭಾಗ ಮಾತ್ರ ನಮಗೆ ದೊರೆಯುತ್ತದೆ. ಉಳಿದರ್ಧವು ತೋಳಿನ ತಿರುವಿನಲ್ಲಿ ಇದ್ದಿತು. ನಮ್ಮ ಚಿತ್ರದುರ್ಗ ಜಿಲ್ಲೆಯದೇ ಆದ ನಿದರ್ಶನವೆಂದರೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಅಕ್ಷರವನ್ನೇ ಅರಿಯದ ಆ ಕಾಡುಗೊಲ್ಲ ವೃದ್ಧೆಯು ಸಾವಿರಾರು ಪದಗಳನ್ನು ನೆನಪಿನಲ್ಲಿ ಧರಿಸಿದ್ದಳು; ಕೃಷ್ಣಮೂರ್ತಿ ಹನೂರರು ಅವುಗಳನ್ನು ಸಂಗ್ರಹಿಸಿದುದರಿಂದ ನಾಡಿಗೆ ಅವಳ ಹೆಸರು ತಿಳಿಯಿತು. ಇಷ್ಟು ಪದಗಳು ಒಂದು ತಲೆಯಲ್ಲಿ ಹೇಗೆ ನಿಂತವೆಂದು ಕೇಳುವವರಿಗೆ, ಅವು ತಲೆಯೊಂದರಲ್ಲಿಯೇ ನಿಂತವಲ್ಲ, ದಿನನಿತ್ಯದ ಕೆಲಸದಲ್ಲಿ ಇಡಿಯ ದೇಹವೇ ಅವುಗಳನ್ನು ಹೊತ್ತಿದ್ದಿತು ಎಂದು ನಾನು ಉತ್ತರ ಹೇಳುವೆನು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಬೀಸುವುದು ಕಠಿನವಾದ ಕೆಲಸ. ಬಸುರಿ ಬಾಣಂತಿಯರೆಂಬ ವಿನಾಯಿತಿಯು ಎಲ್ಲ ಮನೆಗಳಲ್ಲಿಯೂ ಇರಲಿಲ್ಲ. ಅತ್ತೆಯ ಕಾಟ, ತವರಿನ ಹಂಬಲ, ಬಂಜೆತನದ ದುಃಖಗಳೆಲ್ಲ ಆ ಹಾಡುಗಳಲ್ಲಿ ತುಂಬಿರುವುದು ಕಾರಣವಿಲ್ಲದೆ ಅಲ್ಲ. ಹಿಟ್ಟಿನ ಗಿರಣಿಯು ಬಂದು ಆ ಹೊರೆಯನ್ನು ಇಳಿಸಿದುದು ಹೆಂಗಸರ ಪಾಲಿಗೆ ದೊಡ್ಡ ಉಪಕಾರವೇ ಸರಿ, ಅದನ್ನು ಹಳಿಯುವ ಹಕ್ಕು ಒಂದು ಸೇರು ರಾಗಿಯನ್ನೂ ಬೀಸದವನಿಗೆ ಇಲ್ಲವೇ ಇಲ್ಲ. ಆದರೆ ಗಿರಣಿಯು ಹೊರೆಯನ್ನು ಇಳಿಸುವಾಗ ಅದರೊಂದಿಗೆ ಕಟ್ಟಿದ್ದ ಜೊತೆಗಾತಿಯ ಸಂಗ, ಉಸಿರಿನ ಕ್ರಮ, ಕೊರಳಿನ ಹಾಡು, ಇವುಗಳನ್ನೂ ಇಳಿಸಿಬಿಟ್ಟಿತು. ಅವುಗಳಿಗೆ ಬೇರೊಂದು ಸ್ಥಾನವನ್ನು ಕಲ್ಪಿಸುವ ಯೋಚನೆಯು ಆಗ ಯಾರಿಗೂ ಬರಲಿಲ್ಲ.

ಕಲ್ಲಿನ ಕೆಲಸವು ಮನೆಯೊಳಗಿನದಾದರೆ ಕಣವು ಊರಿಗೆಲ್ಲ ಸೇರಿದುದು. ಸುಗ್ಗಿಯ ಕಾಲ ಸಮೀಪಿಸಿದಾಗ ಗಾಳಿಗೆ ತೆರೆದ ಗಟ್ಟಿನೆಲವನ್ನು ಆರಿಸಿ, ಕೆತ್ತಿ, ನೀರು ಹಾಕಿ ತುಳಿದು, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಡುತ್ತಿದ್ದರು. ಕಣವಾದ ಮೇಲೆ ಅದು ದೇವಸ್ಥಾನಕ್ಕೆ ಸಮಾನ. ಮೆಟ್ಟು ಮೆಟ್ಟಿಕೊಂಡು ಯಾರೂ ಅದನ್ನು ಪ್ರವೇಶಿಸುವಂತಿಲ್ಲ. ಬಣವೆಯಿಂದ ಕಿತ್ತ ರಾಗಿಯ ಹೊರೆಗಳನ್ನು ಹರವಿ, ಎತ್ತುಗಳಿಗೆ ರೋಣಗಲ್ಲನ್ನು ಹೂಡಿ, ಮೇಟಿಯ ಸುತ್ತ ಹೊಡೆಯುವವರು ಎತ್ತಿನ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಕೂಡಿಸಿ ನಡೆಯುವುದು. ಎತ್ತು ನಡೆದಷ್ಟೇ ವೇಗ. ಅದಕ್ಕಿಂತ ಅವಸರಪಡಲು ಸಾಧ್ಯವಿಲ್ಲ, ತಡಮಾಡಲೂ ಸಾಧ್ಯವಿಲ್ಲ. ರಾತ್ರಿಯ ತಂಪಿನಲ್ಲಿ ಒಕ್ಕುವಾಗ ನಿದ್ರೆಯು ಕವಿಯದಂತೆ, ಎತ್ತುಗಳೂ ಬೇಸರಿಸದಂತೆ, ಒಬ್ಬನು ಪದವನ್ನು ಎತ್ತಿದರೆ ಕಣದಲ್ಲಿದ್ದವರೆಲ್ಲರೂ ಸೊಲ್ಲು ಸೇರಿಸುತ್ತಿದ್ದರು. ಹುಲ್ಲು ಕೊಡಹುವವರು, ಕಾಳು ಬಳಿಯುವವರು, ಎತ್ತರದಲ್ಲಿ ನಿಂತು ಮೊರವನ್ನು ಎತ್ತಿ ಗಾಳಿಗೆ ತೂರುವವರು, ಎಲ್ಲರಿಗೂ ಬೇರೆ ಬೇರೆ ಚಲನೆ. ಯುವಕನಿಗೆ ಹೊರೆಯನ್ನು ಎತ್ತುವ ಕೆಲಸವಿದ್ದರೆ ಮುಪ್ಪಿನವನಿಗೆ ಎತ್ತಿನ ಹಿಂದೆ ಮೆಲ್ಲನೆ ನಡೆಯುವ ಕೆಲಸ, ಬಾಲಕನಿಗೆ ಚೆಲ್ಲಿದ ಕಾಳನ್ನು ಒಳಕ್ಕೆ ಗುಡಿಸುವ ಕೆಲಸ, ಕೈಲಾಗದವರಿಗೆ ಕುಳಿತು ಹಾಡುವ ಕೆಲಸ. ಶಕ್ತಿಯು ಇಷ್ಟಿರಲೇಬೇಕೆಂದು ನಿರ್ಬಂಧಿಸಿ ಯಾರನ್ನೂ ಕಣದಿಂದ ಹೊರಗಿಡುವ ಪದ್ಧತಿ ಇರಲಿಲ್ಲ. ಈ ಗುಣವನ್ನೇ ಕಣದ ಶ್ರೇಷ್ಠ ಗುಣವೆಂದು ನಾನು ಎಣಿಸುತ್ತೇನೆ.

ತೂರಿ ಶುದ್ಧವಾದ ರಾಶಿಯ ಮೇಲೆ ಸಗಣಿಯ ಬೆನಕನನ್ನು ಇಟ್ಟು ಪೂಜಿಸಿದ ತರುವಾಯ ಅಳೆಯುವ ಕಾರ್ಯ. ಆಗ ಹಾಡು ನಿಂತು ಮೌನ ನೆಲಸುವುದು. ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದೇ ಎಣಿಸುವುದು ಸಂಪ್ರದಾಯ. ಅಷ್ಟು ಹೊತ್ತು ಗಾನದಲ್ಲಿಯೂ ಗಾಳಿಯಲ್ಲಿಯೂ ಹರಿದಾಡಿದ್ದ ಮನಸ್ಸೆಲ್ಲವೂ ಆ ಒಂದು ಅಳತೆಯಲ್ಲಿ ಏಕಾಗ್ರವಾಗುತ್ತಿದ್ದಿತು. ಇಂದಿನವರು ಅವಧಾನವೆಂದು ಅಭ್ಯಾಸಮಾಡುವುದು ಅಲ್ಲಿ ಯಾರೂ ಕಲಿಸದೆ ತಾನಾಗಿ ಬರುತ್ತಿದ್ದಿತು.

ಬೇಸಾಯಗಾರರ ಮಾತು ಹೀಗಾದರೆ ಪಶುಪಾಲಕರ ರೀತಿ ಇನ್ನೊಂದು. ಕುರಿಯ ಹಿಂಡಿನ ಹಿಂದೆ ದಿನವೆಲ್ಲ ನಡೆಯುವ ಕುರುಬನು ನಡೆಯುತ್ತಲೇ ಕದಿರನ್ನು ತಿರುಗಿಸಿ ಉಣ್ಣೆಯನ್ನು ನೂಲುವನು. ಚಳ್ಳಕೆರೆಯ ಕಂಬಳಿಗೆ ಬಂದ ಕೀರ್ತಿಯಲ್ಲಿ ಆ ನಡಿಗೆಗೂ ಪಾಲುಂಟು. ಹಿರಿಯೂರು, ಸಿರಾ ಸೀಮೆಗಳ ಕಾಡುಗೊಲ್ಲರು ಗಣೆಯೆಂಬ ಉದ್ದವಾದ ಬಿದಿರಿನ ಕೊಳಲನ್ನು ನುಡಿಸಿ ತಮ್ಮ ವೀರನಾದ ಜುಂಜಪ್ಪನ ಮಹಾಕಾವ್ಯವನ್ನು ರಾತ್ರಿಯೆಲ್ಲ ಹಾಡುವರು. ದೀರ್ಘಶ್ವಾಸವಿಲ್ಲದವನಿಗೆ ಆ ವಾದ್ಯವು ಒಲಿಯದು. ಇನ್ನು ಕೋಲಾಟವಂತೂ ದಿನದ ದುಡಿಮೆ ತೀರಿದ ಮೇಲೆ ದುಡಿದ ಕೈಗಳೇ ಆಡುವ ಆಟ. ಹೊಲದಲ್ಲಿ ಬಗ್ಗಿ ಬಗ್ಗಿ ಬಿಗಿದ ಬೆನ್ನು ಇಲ್ಲಿ ನೆಟ್ಟಗಾಗುವುದು, ಒಂದೇ ಕಡೆಗೆ ತಿರುಗಿ ದಣಿದ ಹೆಗಲು ಎರಡು ಕಡೆಗೂ ತಿರುಗುವುದು. ಎದುರಿನವನ ಕೋಲಿಗೆ ತನ್ನ ಕೋಲು ಸಮಯಕ್ಕೆ ಸರಿಯಾಗಿ ತಾಗಬೇಕಾದುದರಿಂದ ಚಿಂತೆಗೆ ಎಡೆಯೇ ದೊರೆಯದು. ಇದಕ್ಕೆ ಬೇಕಾದ ಸಾಮಗ್ರಿಯು ಮೊಳದುದ್ದದ ಎರಡು ಕಡ್ಡಿಗಳು ಮತ್ತು ಒಂದು ಅಂಗಳ. ಇಷ್ಟು ಅಲ್ಪವೆಚ್ಚದಲ್ಲಿ ಇಷ್ಟು ಪರಿಪೂರ್ಣವಾದ ಅಂಗಸಾಧನೆಯನ್ನು ಬೇರೆ ಯಾವ ದೇಶದ ಜನರು ಕಲ್ಪಿಸಿಕೊಂಡರೋ ನನಗೆ ತಿಳಿಯದು.

ಚಿತ್ರದುರ್ಗದ ಕೋಟೆಯನ್ನು ಹೈದರಾಲಿಯ ಸೈನ್ಯವು ಮುತ್ತಿದಾಗ ಕಾವಲುಗಾರನ ಹೆಂಡತಿಯಾದ ಓಬವ್ವನು ಒನಕೆಯಿಂದ ಶತ್ರುಗಳನ್ನು ಎದುರಿಸಿದ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ಅವಳ ಶೌರ್ಯವನ್ನು ಹೊಗಳುವವರು ಒಂದಂಶವನ್ನು ಗಮನಿಸುವುದಿಲ್ಲ: ಆ ಆಯುಧವು ಅವಳ ಅಡುಗೆಮನೆಯದು, ಅದನ್ನು ಎತ್ತಿ ಇಳಿಸುವ ತೋಳು ಪ್ರತಿನಿತ್ಯದ ಕುಟ್ಟುವಿಕೆಯಿಂದಲೇ ಹುರಿಗೊಂಡುದು.

ದುಡಿಮೆಯೂ ಹಾಡೂ ಕೂಡಿದ್ದ ಈ ಸ್ಥಿತಿಯು ಬದಲಾದುದು ಕ್ರಮಕ್ರಮವಾಗಿ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನವು 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸಸಾಗರವು ಹಿರಿಯೂರಿನ ಸೀಮೆಗೆ ಕಾಲುವೆಯ ನೀರನ್ನೂ, ಅದರೊಡನೆ ತೋಟದ ಬೇಸಾಯವನ್ನೂ ತಂದಿತು. ತದನಂತರ ಎಣ್ಣೆಯ ಎಂಜಿನ್ನು, ವಿದ್ಯುಚ್ಛಕ್ತಿ, ಟ್ರಾಕ್ಟರು, ಒಕ್ಕುವ ಯಂತ್ರಗಳು ಒಂದರ ಹಿಂದೆ ಒಂದು ಬಂದವು. ಹೆದ್ದಾರಿಯು ಅಗಲವಾಯಿತು. ಎತ್ತುಗಳು ಮಾರಾಟವಾದ ಮೇಲೆ ಕಣಗಳು ಹೊಲದಲ್ಲಿ ಕರಗಿಹೋದವು. ಬಯಲುಸೀಮೆಯ ಹಲವೆಡೆ ರೈತರು ಫಸಲನ್ನು ಡಾಂಬರು ರಸ್ತೆಯ ಮೇಲೆಯೇ ಹರವಿ, ಹಾದುಹೋಗುವ ವಾಹನಗಳ ಚಕ್ರಗಳಿಂದಲೇ ಒಕ್ಕಣೆಯನ್ನು ಮಾಡಿಸಿಕೊಳ್ಳುವುದು ವಾಡಿಕೆಯಾಯಿತು. ದ್ವಿಚಕ್ರವಾಹನದವರು ಆ ಹುಲ್ಲಿನ ಮೇಲೆ ಜಾರಿ ಬೀಳುವರು, ಕಾಳಿನಲ್ಲಿ ಕಲ್ಲು ಡಾಂಬರುಗಳು ಬೆರೆಯುವುವು. ಮೆಟ್ಟನ್ನೂ ಹೊರಗೆ ಬಿಟ್ಟು ಬರುತ್ತಿದ್ದ ಕಣಕ್ಕೆ ಒದಗಿದ ಈ ದುರ್ಗತಿಯು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ದುಡಿಮೆಗೂ ಹಾಡಿಗೂ ಇರುವ ನಂಟನ್ನು ಹೊರನಾಡಿನವರೂ ಗಮನಿಸಿದ್ದಾರೆ. ಶ್ರಮದಿಂದ ಲಯವೂ ಲಯದಿಂದ ಸಂಗೀತ ಕಾವ್ಯಗಳೂ ಹುಟ್ಟಿದುವೆಂದು ಜರ್ಮನಿಯ ಅರ್ಥಶಾಸ್ತ್ರಜ್ಞನಾದ ಕಾರ್ಲ್ ಬ್ಯೂಷರ್ 1896ರಷ್ಟು ಹಿಂದೆಯೇ ಒಂದು ಗ್ರಂಥವನ್ನು ರಚಿಸಿ ಪ್ರತಿಪಾದಿಸಿದನು. ದುಡಿಮೆಯಿಂದ ಚಲನೆಯನ್ನು ಕಿತ್ತರೆ ಏನಾಗುವುದೆಂಬುದಕ್ಕೆ ಲಂಡನ್ನಿನ ವೈದ್ಯನಾದ ಜೆರೆಮಿ ಮಾರಿಸ್ 1953ರಲ್ಲಿ ಸಾಕ್ಷ್ಯವನ್ನು ಒದಗಿಸಿದನು. ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವೆಲ್ಲ ಕುಳಿತೇ ಇರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ಟು ಕೊಡುವ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯೆಂದು ಅವನು ತೋರಿಸಿದನು. ಇಬ್ಬರದೂ ಒಂದೇ ಬಸ್ಸು, ಒಂದೇ ದಾರಿ. ಪ್ರೌಢರಿಗೆ ವಾರದಲ್ಲಿ 150ರಿಂದ 300 ನಿಮಿಷಗಳಷ್ಟು ಮಧ್ಯಮಪ್ರಮಾಣದ ದೇಹಚಲನೆಯು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿತು. ಕಣವಿದ್ದ ಕಾಲದಲ್ಲಿ ಆದಿವಾಲದಂತಹ ಗ್ರಾಮದ ಮುದುಕನೂ ಅದನ್ನು ಸುಗ್ಗಿಯ ಒಂದೆರಡು ರಾತ್ರಿಗಳಲ್ಲಿಯೇ ಪೂರೈಸುತ್ತಿದ್ದನು.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಇನ್ನೊಂದು ಗೌರವವೂ ಸಲ್ಲಬೇಕಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಯೋಗಾಭ್ಯಾಸವನ್ನು ಲೋಕದ ಮುಂದೆ ನಿಲ್ಲಿಸಿದ ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಜನಿಸಿದುದು ಚಿತ್ರದುರ್ಗ ಸೀಮೆಯ ಮುಚುಕುಂದಾಪುರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದ ಅವರು ‘ಯೋಗಮಕರಂದ’ವನ್ನು 1934ರಲ್ಲಿ ಬರೆದುದು ಕನ್ನಡದಲ್ಲಿಯೇ. ಅಂಗಚಲನೆಗೆ ಉಸಿರನ್ನು ಕೂಡಿಸಬೇಕೆಂಬುದು ಅವರ ಬೋಧನೆಯ ಸಾರ. ಅವರ ಶಿಷ್ಯರಾದ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಪಟ್ಟಿ, ಮರದ ದಿಮ್ಮಿಗಳ ಆಸರೆಯಿಂದ ರೋಗಿಗಳೂ ವೃದ್ಧರೂ ಆಸನವನ್ನು ಅಭ್ಯಾಸಮಾಡಬಹುದೆಂದು ಸಾಧಿಸಿ ತೋರಿದರು. ಬೀಸುವ ಹೆಂಗಸು ಸೊಲ್ಲಿನಿಂದ ಸಾಧಿಸಿದ್ದ ಶ್ವಾಸಕ್ರಮವನ್ನು ಗುರುವು ಶಾಸ್ತ್ರವನ್ನಾಗಿಸಿದನು. ಮುದುಕನಿಗೂ ಕಣದಲ್ಲಿ ಇದ್ದ ಎಡೆಯನ್ನು ಶಿಷ್ಯನು ಕುರ್ಚಿಯ ಮೇಲೆ ಕಲ್ಪಿಸಿದನು ಎಂದು ನನಗೆ ತೋರುತ್ತದೆ.

ಬೀಸುವ ಕಲ್ಲಿಗೆ ಮರಳಿರೆಂದು ನಾನು ಯಾರಿಗೂ ಹೇಳಲಾರೆ. ನನ್ನ ಬಿನ್ನಹವು ಇಷ್ಟೇ. ಸರ್ಕಾರದ ಉದ್ಯೋಗ ಖಾತರಿ ಯೋಜನೆಯ ಹಣದಿಂದ ಒಕ್ಕಣೆಯ ಕಣಗಳನ್ನು ಕಟ್ಟಿಸಿಕೊಳ್ಳಲು ಅವಕಾಶ ಬಂದಿರುವಾಗ ಗ್ರಾಮ ಪಂಚಾಯಿತಿಗಳು ಊರಿಗೊಂದು ಕಣವನ್ನಾದರೂ ಕಟ್ಟಿಸಿ ರೈತರನ್ನು ರಸ್ತೆಯಿಂದ ಬಿಡಿಸಲಿ. ಸುಗ್ಗಿ ಮುಗಿದ ತಿಂಗಳುಗಳಲ್ಲಿ ಸಂಜೆಯ ಹೊತ್ತು ಅದೇ ಕಣವು ಕೋಲಾಟಕ್ಕೆ ತೆರೆದಿರಲಿ. ಕೋಲಿನ ವರಸೆಗಳನ್ನು ಬಲ್ಲ ಹಿರಿಯರು ಹಟ್ಟಿಗಳಲ್ಲಿ ಇನ್ನೂ ಇದ್ದಾರೆ. ಶಾಲೆಗಳು ಅವರನ್ನು ಗುರುಗಳೆಂದು ಕರೆದು ವಾರಕ್ಕೊಂದು ಪಾಠವನ್ನು ಅವರಿಗೆ ಬಿಟ್ಟುಕೊಡಲಿ. ಕಚೇರಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಕುಳಿತು ದುಡಿಯುವವರಿಗೆ ಮಧ್ಯಾಹ್ನ ಕಾಲು ಗಂಟೆ ಎದ್ದು ಒಟ್ಟಾಗಿ ನಡೆಯುವ ಅನುಮತಿಯನ್ನು ಯಜಮಾನರು ಕೊಡಲಿ, ಆ ಕಾಲು ಗಂಟೆಯನ್ನು ಸಂಬಳದಿಂದ ಕಳೆಯದಿರಲಿ. ಪದ ಬಲ್ಲ ಅಜ್ಜಿಯೊಬ್ಬಳು ನಿಮ್ಮ ಮನೆಯಲ್ಲಿದ್ದರೆ, ಓದುಗರೇ, ಈ ವರ್ಷದ ಸುಗ್ಗಿಗೆ ಮೊದಲು ಅವಳ ಬಳಿ ಕುಳಿತು ಕಲಿತುಕೊಳ್ಳಿರಿ.