ಶಿಲೆಯಲ್ಲಿ ದೊರೆಯದ ಮನಸ್ಸು

ಬೆಂಗಳೂರಿನ ಸಂಜಯನಗರಕ್ಕೆ ಹೊಂದಿಕೊಂಡಿರುವ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರ ಎಣಿಕೆ. ಊರ ಮೇಲೆ ಬಂದ ದಾಳಿಯಲ್ಲಿ ಕಿತ್ತಯ್ಯನೆಂಬವನು ಹೋರಾಡಿ ಮಡಿದು ಇಂದ್ರಲೋಕವನ್ನು ಹೊಕ್ಕನೆಂದು ಅದು ಸಾರುತ್ತದೆ. ಆಯುಧ ಹಿಡಿದಾಗ ಅವನ ಮನದಲ್ಲಿದ್ದುದು ಊರ ಮಮತೆಯೋ, ಒಡೆಯನ ಋಣವೋ, ಬರಿಯ ಭಯವೋ? ಶಾಸನ ಅದನ್ನು ಹೇಳದು. ಹೇಳುವುದು ಅದರ ಕೆಲಸವೂ ಅಲ್ಲ.

ನಾಲ್ಕು ಶತಮಾನಗಳ ತರುವಾಯ ಕಲ್ಯಾಣದ ಶರಣರು ತಮ್ಮ ಅಂತರಂಗವನ್ನು ತಾವೇ ನುಡಿದರು. ಆದರೂ ತೊಡಕು ತೀರಲಿಲ್ಲ. ಉಡುಗೆಯನ್ನು ತೊರೆದ ಮೇಲೆ ಕೇಶದಿಂದ ಮೈಯನ್ನು ಮರೆಸಿದುದೇಕೆಂದು ಅಲ್ಲಮಪ್ರಭುದೇವರು ಅಕ್ಕಮಹಾದೇವಿಯವರನ್ನು ಕೇಳುವ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧವಾದುದು. ಆ ಪ್ರಶ್ನೆ ನಿಷ್ಠುರವೋ, ಅಕ್ಕನ ನಿಲವನ್ನು ಸಭೆಗೆ ತೋರಿಸಬೇಕೆಂಬ ಕಾರುಣ್ಯವೋ? ವಚನಗಳು ಶರಣರವು, ಅವುಗಳ ನಡುವೆ ನಿಂತು ಒಬ್ಬರ ಇಂಗಿತವನ್ನು ಮತ್ತೊಬ್ಬರಿಗೆ ಬಿಡಿಸಿ ಹೇಳುವ ಗದ್ಯ ಸಂಕಲನಕಾರರದು. ಭಕ್ತರಿಗೆ ಎರಡೂ ಒಂದೇ ಧ್ವನಿಯಾಗಿ ಕೇಳಿಸುವುದು ಸಹಜ. ಆದರೆ ಈ ಸಂವಾದವನ್ನು ಮೊದಲು ಹೆಣೆದ ಶಿವಗಣಪ್ರಸಾದಿ ಮಹಾದೇವಯ್ಯನವರು 15ನೆಯ ಶತಮಾನದವರು. ಗೂಳೂರು ಸಿದ್ಧವೀರಣ್ಣೊಡೆಯರು ಅವರಿಗೂ ಈಚಿನವರು. ಪ್ರಭುದೇವರ ಮನಸ್ಸೆಂದು ಅಲ್ಲಿ ನಾವು ಓದುವುದು ಎರಡು ಮೂರು ಶತಮಾನಗಳ ಬಳಿಕ ಅವರು ಕಂಡುಕೊಂಡ ಮನಸ್ಸನ್ನು.