ಪ್ರೇಕ್ಷಕನನ್ನು ಕೂರಿಸಿದವರು ಯಾರು? ಸಾಂಗ್ಲಿ ಪ್ರಸಂಗದ ಮರುವಿಚಾರ

ಮೈಸೂರಿನ ರಂಗಾಯಣದ ಆವರಣದಲ್ಲಿ 2010ರಲ್ಲಿ ಸಿ. ಬಸವಲಿಂಗಯ್ಯ ‘ಮಲೆಗಳಲ್ಲಿ ಮದುಮಗಳು’ ಆಡಿಸಿದಾಗ ಪ್ರೇಕ್ಷಕರು ರಾತ್ರಿಯಿಡೀ ರಂಗದಿಂದ ರಂಗಕ್ಕೆ ಎದ್ದು ನಡೆದರು. ಇದು, ಪ್ರೇಕ್ಷಕರು ನಡೆದಾಡುತ್ತ ನೋಡುವ ‘ಸ್ಲೀಪ್ ನೋ ಮೋರ್’ ಮಾದರಿಯ ಪಶ್ಚಿಮದ ಕಡ ಎನ್ನುವವರಿದ್ದಾರೆ. ಆ ಪ್ರಯೋಗ ನ್ಯೂಯಾರ್ಕಿಗೆ ಬಂದದ್ದು 2011ರಲ್ಲಿ. ಲಂಡನ್ನಿನಲ್ಲಿ 2003ರಲ್ಲೇ ಆಗಿತ್ತಾದ್ದರಿಂದ ಹಿರಿತನದ ಜಗಳ ಹೂಡಿ ಪ್ರಯೋಜನವಿಲ್ಲ. ಆದರೆ 1973ರಲ್ಲಿ, ಆಡುವ ಜಾಗಕ್ಕೂ ನೋಡುವ ಜಾಗಕ್ಕೂ ಇರುವ ಗಡಿ ಅಳಿಸುವ ‘ಪರಿಸರ ರಂಗಭೂಮಿ’ಯ ಶಾಸ್ತ್ರ ಬರೆದ ರಿಚರ್ಡ್ ಶೆಕ್ನರ್ ಆ ಬಳಿಕ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ಕಾಶಿಯ ಎದುರು ದಂಡೆಯ ರಾಮನಗರದ ರಾಮಲೀಲೆಯನ್ನು. ಅಲ್ಲಿ ಜನ ಒಂದು ತಿಂಗಳಿಡೀ ಕಥೆಯ ಹಿಂದೆ ನಡೆಯುತ್ತಾರೆ. ಕಡ ಕೊಟ್ಟವರು ಯಾರು ಎಂಬುದನ್ನು ಈ ವಿಮರ್ಶಕರು ಇನ್ನೊಮ್ಮೆ ನೋಡಬೇಕು.

ಕೇಳಬೇಕಾದ ಪ್ರಶ್ನೆ ಬೇರೆ: ನಮ್ಮ ಪ್ರೇಕ್ಷಕ ಕೂತದ್ದು ಯಾವಾಗ? ಉತ್ತರ ಕಾಗವಾಡದ ನೆರೆಯ ಸಾಂಗ್ಲಿಯಲ್ಲಿದೆ. 1842ರಲ್ಲಿ ಕನ್ನಡದ ಭಾಗವತ ಮೇಳವೊಂದು ಅಲ್ಲಿಗೆ ಹೋಯಿತು. ಸಾಂಗ್ಲಿಯ ದೊರೆ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ಅದರ ಆಟ ನೋಡಿದರು. ಅವರ ಆಜ್ಞೆಯಂತೆ ಅವರ ಆಶ್ರಿತ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ನಮ್ಮವರು ಇದನ್ನು ‘ಕನ್ನಡವೇ ತಾಯಿ’ ಎಂಬ ಹೆಮ್ಮೆಗೆ ಬಳಸಿದರು. ಮರಾಠಿಗರು ‘ಒರಟು ಆಟಕ್ಕೆ ನಯ ಬಂತು’ ಎಂಬ ಹೆಮ್ಮೆಗೆ. (ಮೇಳ ಉತ್ತರ ಕನ್ನಡದ ಕರ್ಕಿ ಊರಿನದೇ ಎಂದು ಪ್ರಮಾಣ ಮಾಡುವವರ ಉತ್ಸಾಹವನ್ನು ನಾನು ಗೌರವಿಸುತ್ತೇನೆ, ಆಧಾರವನ್ನಲ್ಲ.)

ಇಬ್ಬರೂ ನೆಚ್ಚುವುದು ಭಾವೆಯವರ ಮಾತನ್ನೇ. ಆ ಮಾತಿರುವ ಅವರ ನಾಟ್ಯಕವಿತಾಸಂಗ್ರಹ ಅಚ್ಚಾದದ್ದು 1885ರಲ್ಲಿ, ಅಂದರೆ ಘಟನೆಯ ನಾಲ್ಕು ದಶಕಗಳ ಮೇಲೆ. ಹೊಸದನ್ನು ಕಟ್ಟಿದೆನೆನ್ನುವ ಕರ್ತೃವಿಗೆ ಹಿಂದಿನ ಆಟ ಒರಟಾಗಿ ಕಂಡಿರಲೇಬೇಕು. ಅವರ ನಾಟಕಗಳನ್ನೇ ನೋಡಿ: ಉದ್ದಕ್ಕೂ ಹಾಡುವ ಸೂತ್ರಧಾರ, ವಿದೂಷಕ, ಗಣಪತಿ-ಸರಸ್ವತಿಯರ ಪ್ರವೇಶ, ಅಬ್ಬರಿಸುವ ರಾಕ್ಷಸ. ಭಾಗವತ ಮೇಳದ ಆಟದೊಂದಿಗೆ ಹೋಲಿಕೆ ಎದ್ದು ಕಾಣುತ್ತದೆ. ನಕಲು ಎನ್ನಲು ಅಷ್ಟು ಸಾಲದು. ಈ ಲಕ್ಷಣಗಳು ಯಾವ ಒಂದೇ ಮೇಳದ ಸ್ವತ್ತೂ ಅಲ್ಲ.

ಈ ತಾಯಿ-ಮಗಳ ವ್ಯಾಜ್ಯದಲ್ಲಿ ಆಟ ನಡೆದ ಜಾಗ ಯಾರ ಕಣ್ಣಿಗೂ ಬೀಳಲಿಲ್ಲ. ಬಯಲಾಟವನ್ನು ದೊರೆಯ ಎದುರಿಗೆ ತಂದಾಗ ನೋಡುವವರು ದೊರೆಯ ಅತಿಥಿಗಳಾದರು. ಬೇಸರವಾದರೆ ಎದ್ದು ಚಹಾ ಕುಡಿದು, ಸತ್ಯಭಾಮೆ ಬರುವ ಹೊತ್ತಿಗೆ ಮರಳುವ ರೂಢಿ ದರಬಾರಿನಲ್ಲಿ ನಡೆಯುವುದೆ? ಗೋಕಾಕ ಕಡೆಯ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಅಥಣಿ, ಚಿಕ್ಕೋಡಿ ಸೀಮೆಯಲ್ಲಿ ಬೆಳತನಕ ನೋಡಿದವರಿಗೆ ಉತ್ತರ ಗೊತ್ತು. ಆದರೂ ‘ಮದುಮಗಳು’ವಿನ ಮೂಲ ಪಾರಿಜಾತದಲ್ಲಿದೆ ಎಂಬ ದೇಶೀವಾದಿಗಳ ಮಾತು ನನಗೆ ಒಪ್ಪಿಗೆಯಿಲ್ಲ. ಪಾರಿಜಾತದಲ್ಲಿ ಆಟ ನಿಂತಲ್ಲೇ ಇರುತ್ತದೆ, ಜನ ತಮ್ಮಿಚ್ಛೆಯಂತೆ ಬಂದು ಹೋಗುತ್ತಾರೆ. ‘ಮದುಮಗಳು’ವಿನಲ್ಲಿ ಆಟವೇ ಜನರನ್ನು ಎಬ್ಬಿಸಿ ಕರೆದೊಯ್ಯುತ್ತದೆ.

ದರಬಾರಿನ ಮಾತು ನನ್ನ ಊಹೆ ಎನ್ನಿ. ಅಪ್ಪಾಸಾಹೇಬರು 1851ರಲ್ಲಿ ತೀರಿಕೊಂಡ ಮೇಲೆ ಆಶ್ರಯ ತಪ್ಪಿದ ಭಾವೆ ಊರೂರು ತಿರುಗಿ, 1853ರಲ್ಲಿ ಮುಂಬಯಿಯ ಗ್ರಾಂಟ್ ರೋಡ್ ರಂಗಮಂದಿರದಲ್ಲಿ ಟಿಕೆಟ್ ಇಟ್ಟು ಆಡಿದರು. ಇದು ಊಹೆಯಲ್ಲ. ಅಲ್ಲಿಂದ ಮುಂದೆ ಕುರ್ಚಿಯನ್ನು ಕಾದದ್ದು ದೊರೆಯಲ್ಲ, ದುಡ್ಡು. ಟಿಕೆಟ್ಟೇ ಪ್ರೇಕ್ಷಕನನ್ನು ಕಟ್ಟಿಹಾಕಿತು ಎಂದು ಬರೆದು ಮುಗಿಸಲೂ ಆಗುವುದಿಲ್ಲ: 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ‘ಮದುಮಗಳು’ವಿನ ಹಿಂದೆ ನಡೆದವರೂ ಟಿಕೆಟ್ ಕೊಂಡವರೇ.